ಶಾಲಿನ ಕೆಳಗಿನ ಇಂಗ್ಲಿಷು

ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದರೆ ಅವರೇ ಬರೆಯಗೊಡುತ್ತಿರಲಿಲ್ಲ. "ಹೆಸರು ಕೊಟ್ರೆ ವಿಳಾಸ ಕೇಳ್ತಾರೆ. ವಿಳಾಸ ಕೊಟ್ರೆ ಮನೆಗೆ ಬರ್ತಾರೆ. ಮನೆಗೆ ಬಂದೋರು ಸುಮ್ನೆ ಬಂದಿರಲ್ಲ" ಎನ್ನುವುದು ಅವರ ಮಾತು. ಹಾಗಾಗಿ ಇಷ್ಟು ಸಾಕು: ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲದಲ್ಲಿ, ಅರವತ್ತರ ದಶಕದ ಮೊದಲ ವರ್ಷಗಳಲ್ಲಿ, ಅಲ್ಲೊಂದು ಹೆಂಚಿನ ಮನೆಯಲ್ಲಿ ಅವರಿದ್ದರು. ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಒಂದು ಇಂಗ್ಲಿಷರ ಕಂಪನಿಯಲ್ಲಿ ದುಭಾಷಿಯಾಗಿ ಕೆಲಸ ಮಾಡಿ ನಿವೃತ್ತರಾಗಿದ್ದವರು. ಸಾಹೇಬರ ಮಾತನ್ನು ಗುತ್ತಿಗೆದಾರರಿಗೆ ಕನ್ನಡದಲ್ಲಿ ಹೇಳುವುದು, ಗುತ್ತಿಗೆದಾರರ ಮಾತನ್ನು ಸಾಹೇಬರಿಗೆ ಇಂಗ್ಲಿಷಿನಲ್ಲಿ ಹೇಳುವುದು. ಜೀವಮಾನವೆಲ್ಲ ಅದೇ ಕೆಲಸ.

ಮೊನ್ನೆ ಆ ಮನೆ ಕೆಡವಿದರು. ಒಂದು ಕಾಲಕ್ಕೆ ಹಳೆಯ ಬಾಗಿಲು ಕಿಟಕಿ ಕೊಳ್ಳುತ್ತಿದ್ದವನೆಂದು ನನಗೇ ಹೇಳಿಕಳಿಸಿದ್ದರು. ನಾನು ಬೀದಿ ಕಡೆಯ ಕಿಟಕಿಯೊಂದನ್ನು ಮಾತ್ರ ತಂದೆ. ಅದರ ಒಂದು ಬಾಗಿಲಿನೊಳಗೆ ಅಂಗೈಯಗಲದ ಇನ್ನೊಂದು ಪುಟ್ಟ ಬಾಗಿಲಿದೆ. ಅವರು ಬಡಗಿಗೆ ಹೇಳಿ ಮಾಡಿಸಿದ್ದು. ಬಂದವರು ಯಾರೆಂದು ಅದರಿಂದ ನೋಡುವುದು, ನೋಡಿದ ಮೇಲೂ ಬಾಗಿಲು ತೆರೆಯದಿರುವುದು ಅವರ ಪದ್ಧತಿಯಾಗಿತ್ತು.

ಆಗೆಲ್ಲ ಹಾಲಿನವನು ಹಸುವನ್ನು ಮನೆ ಬಾಗಿಲಿಗೇ ಹೊಡೆದುಕೊಂಡು ಬಂದು ಕರೆದು ಕೊಡುತ್ತಿದ್ದ. ಉಳಿದವರ ಮನೆಯಲ್ಲಿ ತಂಬಿಗೆಯನ್ನು ಒಂದು ಸಲ ಬೋರಲು ಹಾಕಿ ತೋರಿಸಿದರೆ ಸಾಕು. ಇವರಿಗೆ ಸಾಲದು. ತಂಬಿಗೆಯೊಳಗೆ ಕೈ ಆಡಿಸಿ ಒಣಗಿದೆಯೋ ಅಂತ ನೋಡುವರು. ಆಮೇಲೆ ಹಾಲಿನವನಿಗೆ ಅಂಗಿಯ ತೋಳು ಮಡಿಸಲು ಹೇಳುವರು.

"ಏನ್ ಸ್ವಾಮಿ, ತೋಳಲ್ಲಿ ಕಾವೇರಿ ಇಟ್ಕೊಂಡಿದ್ದೀನಾ?" ಎಂದು ಅವನು ಗೊಣಗುತ್ತಿದ್ದ.

"ಕಾವೇರಿ ಬೇಡಪ್ಪ, ಅರ್ಧ ಪಾವು ನೀರು ಸಾಕು. ಮಡಿಸು."

"ಇಷ್ಟು ವರ್ಷದಲ್ಲಿ ಒಂದು ದಿನ ಸಿಕ್ಕಿಬಿದ್ದಿದ್ದೀನಾ ಹೇಳಿ?"

"ನಿನ್ನೆ ನಂಬಿಕೆ ನಿನ್ನೆ ಹಾಲು ಇದ್ದಂಗೆ ಕಣಯ್ಯಾ. ಇವತ್ತಿಗೆ ಒಡೆದುಹೋಗಿರತ್ತೆ."

ವ್ಯಾಪಾರಕ್ಕೆ ಇಳಿಯುವ ಯಾರೇ ಆಗಲಿ ಈ ಮಾತನ್ನು ಅಂಗಡಿಯ ಗೋಡೆಯ ಮೇಲೆ ಬರೆಸಿಕೊಳ್ಳಬಹುದು. ಲಕ್ಷ್ಮಿಯ ಪಟದ ಪಕ್ಕದಲ್ಲೇ ಬರೆಸಿದರೂ ತಪ್ಪಿಲ್ಲ.

ನಾನು ಕತ್ರಿಗುಪ್ಪೆಯವನು. ಆಗ ಅದು ಬಡಾವಣೆಯಲ್ಲ, ರಾಗಿ ಹೊಲಗಳ ನಡುವಿನ ಹಳ್ಳಿ. ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಪಾಲಿಗೆ ಬಂದ ಹೊಲ ಮಾರಿ, ಜಯನಗರದ ಒಂದು ಮೂಲೆಯಲ್ಲಿ ಅಂಗಡಿ ಹಾಕಿದ್ದೆ. ದಂಡಿನಲ್ಲಿ ಕೆಡವುತ್ತಿದ್ದ ಬಂಗಲೆಗಳ ತೇಗದ ಬಾಗಿಲು ಕಿಟಕಿ ತಂದು ಹೊಸ ಮನೆ ಕಟ್ಟುವವರಿಗೆ ಮಾರುವುದು. ಒಂದೆರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಕೆಡವುವ ಬಂಗಲೆ ಕಡಿಮೆಯಾದವು. ಹೊಸ ಮನೆಯವರು ನಲ್ಲಿ, ಬೇಸಿನ್ನು, ಕಮೋಡು ಎಂದು ಕೇಳತೊಡಗಿದರು. ಮದರಾಸಿನ ಕಂಪನಿಯೊಂದು ಬೆಂಗಳೂರಿನ ದಕ್ಷಿಣ ಭಾಗಕ್ಕೆ ಏಜೆಂಟನ್ನು ಹುಡುಕುತ್ತಿದೆ ಎಂದು ಗೊತ್ತಾಯಿತು. ಅದು ಸಿಕ್ಕಿದರೆ ಅಂಗಡಿ ನಿಲ್ಲುತ್ತದೆ. ಸಿಗದಿದ್ದರೆ ಹೊಲವೂ ಇಲ್ಲ, ಅಂಗಡಿಯೂ ಇಲ್ಲ. ಸಿಕ್ಕಿದರೂ ಆ ಭಾಗಕ್ಕೆ ನಾನೊಬ್ಬನೇ ಇರಬೇಕು. ಚಿಕ್ಕಪೇಟೆಯಲ್ಲಿ ಇಂಥದೇ ಸಾಮಾನು ಮಾರುತ್ತಿದ್ದ ದೊಡ್ಡ ವ್ಯಾಪಾರಿಗೂ ಕೊಟ್ಟರೆ ಅವನು ನಷ್ಟದಲ್ಲಿ ಮಾರಿಯಾದರೂ ನನ್ನನ್ನು ಆರು ತಿಂಗಳಲ್ಲಿ ಮುಗಿಸುತ್ತಿದ್ದ.

ಕಂಪನಿಯವರು ಮಾತಾಡುವುದು ಇಂಗ್ಲಿಷಿನಲ್ಲಿ. ನನಗೆ ಇಂಗ್ಲಿಷು ಬರುತ್ತಿರಲಿಲ್ಲ ಅಂತಲ್ಲ. ಪತ್ರಿಕೆ ಓದುತ್ತಿದ್ದೆ, ತಕ್ಕಮಟ್ಟಿಗೆ ಕಾಗದ ಬರೆಯುತ್ತಿದ್ದೆ. ಆದರೆ ದಂಡಿನ ಬಂಗಲೆಗಳಲ್ಲಿ ದೊರೆಸಾನಿಯರು ತಮ್ಮತಮ್ಮಲ್ಲೇ ಆಡುತ್ತಿದ್ದ ಮಾತು ತಲೆಯ ಮೇಲೆ ಹಾರಿಹೋಗುತ್ತಿತ್ತು. ಕಷ್ಟದ ಪದ ಒಂದೂ ಇರುತ್ತಿರಲಿಲ್ಲ. ಪುಟ್ ಗೊತ್ತು, ಅಪ್ ಗೊತ್ತು, ವಿತ್ ಗೊತ್ತು. ಮೂರೂ ಜೊತೆಯಾಗಿ ಬಂದರೆ ಯಾರೋ ಅಪರಿಚಿತರು. ಚೌಕಾಸಿಯ ಹೊತ್ತಿನಲ್ಲಿ ಎದುರಾಳಿಯ ಗುಟ್ಟೆಲ್ಲ ಇರುವುದು ಇಂಥ ಪುಡಿಮಾತಿನಲ್ಲೇ ಎಂದು ನನಗೆ ಅನುಮಾನ ಬಂದಿತ್ತು. ಹೆಂಚಿನ ಮನೆಯ ಇವರ ವಿಷಯ ಹೇಳಿದವನು ಅದೇ ಹಾಲಿನವನು.

ಮೊದಲ ಭೇಟಿ ಕಿಟಕಿಯಲ್ಲಿ. ಪುಟ್ಟ ಬಾಗಿಲಿನಲ್ಲಿ ಒಂದು ಕಣ್ಣು, ಅರ್ಧ ಮೂಗು.

"ಯಾರು?"

"ಇಂಗ್ಲಿಷ್ ಪಾಠಕ್ಕೆ ಬಂದೆ ಸಾರ್."

"ನಾನು ಪಾಠ ಹೇಳ್ತೀನಿ ಅಂತ ಯಾರಂದ್ರು?"

"ಹಾಲಿನೋನು."

"ಅವನ ಮಾತು ನಂಬ್ತೀಯಾ?"

"ಇಲ್ಲ ಸಾರ್. ಅದಕ್ಕೇ ನೋಡ್ಕೊಂಡು ಹೋಗೋಣ ಅಂತ ಬಂದೆ."

ಬಾಗಿಲು ತೆರೆಯಿತು.

ಸಣ್ಣ ಆಳು. ಮೈಮೇಲೆ ಬೂದು ಬಣ್ಣದ ಉಣ್ಣೆ ಶಾಲು, ಬೇಸಿಗೆಯಲ್ಲೂ. ನನ್ನನ್ನು ಬೆಂಚಿನ ಮೇಲೆ ಕೂರಿಸಿ ಎಲ್ಲ ಕೇಳಿದರು: ಯಾವ ಊರು, ಯಾರ ಮಗ, ಯಾವ ಕಂಪನಿ, ಯಾವಾಗ ಬರುತ್ತಾರೆ, ಬೇರೆ ಯಾರು ಆ ಏಜೆನ್ಸಿ ಕೇಳುತ್ತಿದ್ದಾರೆ. ಪಾಠ ಹೇಳುವವರಿಗೆ ಇದೆಲ್ಲ ಯಾಕೆ ಬೇಕು ಎಂದುಕೊಂಡೆ. ನಮ್ಮ ಸೋದರಮಾವ ದನದ ದಲ್ಲಾಳಿ, ಚಿಕ್ಕಂದಿನಲ್ಲಿ ಅವರ ಜೊತೆ ಸಂತೆ ತಿರುಗಿದವನು ಎಂದು ಹೇಳಿದಾಗ ಮಾತ್ರ ಅವರ ಕಣ್ಣು ಅರಳಿತು. ಸಂಬಳ ಎಷ್ಟು ಕೊಡಲಿ ಎಂದು ಕೇಳಿದೆ.

"ದುಡ್ಡು ಬೇಡ. ಸಂತೇಲಿ ಟವಲ್ ಕೆಳಗೆ ಕೈ ಹಿಡ್ಕೊಂಡು ಮಾತಾಡ್ತಾರಲ್ಲ, ಅದನ್ನ ನನಗೆ ಹೇಳ್ಕೊಡು."

ಗೊತ್ತಿಲ್ಲದವರಿಗೆ ಹೇಳುತ್ತೇನೆ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರೂ ಕೈ ಹಿಡಿದು ಮೇಲೆ ಟವಲ್ ಹಾಕಿಕೊಳ್ಳುತ್ತಾರೆ. ಬೆರಳು ಹಿಡಿದು ಒತ್ತಿದರೆ ಬೆಲೆ. ದಲ್ಲಾಳಿ ತನ್ನ ಕಡೆಯವನಿಗೆ ಕೊಡುವ ಸನ್ನೆ ಬೇರೆ: ಮುಷ್ಟಿಯನ್ನು ಬಿಗಿಯಾಗಿ ಹಿಡಿದರೆ 'ಒಪ್ಪಬೇಡ, ಹಿಡ್ಕೋ' ಎಂದು. ಅಂಗೈ ಬಿಚ್ಚಿ ಅಂಗೈಯ ಮೇಲೆ ಮೆಲ್ಲಗೆ ಇಟ್ಟರೆ 'ಆಯ್ತು, ಮುಗಿಸು' ಎಂದು. ಸುತ್ತ ನೂರು ಜನ ನಿಂತಿದ್ದರೂ ಒಬ್ಬರಿಗೂ ತಿಳಿಯದು.

"ನಿಮಗೆ ಯಾಕೆ ಸಾರ್ ಅದು? ಎತ್ತು ತಗೋತೀರಾ?"

"ನಲವತ್ತು ವರ್ಷ ಬೇರೆಯೋರ ಬಾಯಾಗಿದ್ದೆ ಕಣಯ್ಯಾ. ಬಾಯೇ ಇಲ್ದೆ ಮಾತಾಡೋ ವಿದ್ಯೆ ಒಂದಿದೆ ಅಂದ್ರೆ ನೋಡ್ಬೇಡ್ವಾ?"

ಉತ್ತರ ಚೆನ್ನಾಗಿತ್ತು. ಚೆನ್ನಾಗಿರುವ ಉತ್ತರವನ್ನು ನಾನು ನಂಬುವುದಿಲ್ಲ.

ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ಸೌದೆ ಒಲೆ ಊದುವುದನ್ನು ನಿಲ್ಲಿಸಿ, "ಬಿಟ್ಟಿ ಕಲಿಸ್ತಾರಂತಾ? ಅಲ್ಲ ಕಣ್ರೀ, ಕೊತ್ತಂಬರಿ ಸೊಪ್ಪನ್ನೇ ಯಾರೂ ಬಿಟ್ಟಿ ಕೊಡಲ್ಲ" ಎಂದಳು. ಸೋದರಮಾವ ಕೆಂಡವಾದರು. "ಟವಲ್ ವಿದ್ಯೆ ಹೇಳ್ಕೊಡ್ತೀಯೇನ್ಲಾ? ನಮ್ಮಪ್ಪ ನಂಗೆ ಅದ ಹೇಳ್ಕೊಡಕ್ಕೆ ಹತ್ತು ವರ್ಸ ಗೇಯಿಸ್ಕೊಂಡ. ಆ ವಯ್ಯ ಯಾರ ಕಡೆಯೋನೋ ಏನ್ ಕಥೆಯೋ!"

ನಾನು ಒಂದು ಕೆಲಸ ಮಾಡಿದೆ. ಬೆರಳಿನ ಲೆಕ್ಕ ಸರಿಯಾಗಿ ಹೇಳಿಕೊಟ್ಟೆ. ಕೊನೆಯ ಎರಡು ಸನ್ನೆಗಳನ್ನು ಮಾತ್ರ ತಲೆಕೆಳಗು ಮಾಡಿ ಹೇಳಿದೆ. ಮುಷ್ಟಿ ಬಿಗಿ ಹಿಡಿದರೆ 'ಮುಗಿಸು', ಅಂಗೈ ಬಿಚ್ಚಿ ಇಟ್ಟರೆ 'ಒಪ್ಪಬೇಡ'. ಇದರಲ್ಲಿ ತಪ್ಪೇನೂ ಇಲ್ಲ. ಹೊಸಬರಿಗೆ ಬೀಗದ ಕೈ ಕೊಡುವಾಗ ಅದರ ಒಂದು ಹಲ್ಲನ್ನು ಉಜ್ಜಿ ಕೊಡಬೇಕು. ಮನುಷ್ಯ ಒಳ್ಳೆಯವನೆಂದು ಗೊತ್ತಾದ ಮೇಲೆ ಸರಿಯಾದ ಕೈ ಕೊಟ್ಟರಾಯಿತು. ಅವರು ಶ್ರದ್ಧೆಯಿಂದ ತಲೆಯಾಡಿಸಿ ಕಲಿತರು. ನನಗೆ ಸಮಾಧಾನವಾಯಿತು.

ಅವರ ಪಾಠದಲ್ಲಿ ಪುಸ್ತಕವಿರಲಿಲ್ಲ. ಬರೆದುಕೊಳ್ಳಲೂ ಬಿಡುತ್ತಿರಲಿಲ್ಲ. "ಬರೆದಿದ್ದು ಇನ್ನೊಬ್ಬ ಓದ್ತಾನೆ. ತಲೇಲಿಟ್ಕೋ." ಮೊದಲ ದಿನವೇ ಕೇಳಿದರು: "ಕೈ ಕೊಟ್ಟ ಅಂದ್ರೇನು?"

"ಮೋಸ ಮಾಡ್ದ."

"ಕೈ ಹಿಡಿದ?"

"ಮದುವೆ ಆದ. ಇಲ್ಲಾ ಕಷ್ಟಕ್ಕಾದ."

"ಕೈ ಎತ್ತಿದ?"

"ಒಂದೋ ಹೊಡೆಯಕ್ಕೆ ಹೋದ, ಇಲ್ಲಾ ನನ್ನಿಂದಾಗಲ್ಲ ಅಂದ."

"ಕೈ ಒಂದೇ. ಹಿಂದೆ ಬಂದ ಮಾತು ಅದನ್ನ ಎಲ್ಲೆಲ್ಲಿಗೆ ಎಳ್ಕೊಂಡು ಹೋಯ್ತು ನೋಡು. ಇದನ್ನ ನಿಂಗೆ ಯಾರಾದ್ರೂ ವ್ಯಾಕರಣ ಹೇಳ್ಕೊಟ್ರಾ? ಇಲ್ಲ. ಬೈಸ್ಕೊಂಡು ಕಲಿತೆ. ಇಂಗ್ಲಿಷೋನೂ ಹಾಗೇ ಕಲಿತಿದಾನೆ. ಅಲ್ಲಿ ಮಾತ್ರ ಮುಂದಿನ ದೊಡ್ಡ ಪದ ಬರೀ ಠೀವಿ. ಪುಟ್, ಗೆಟ್, ಟೇಕ್, ಇವೆಲ್ಲ ಪೇಟ ಕಟ್ಕೊಂಡು ಮುಂದೆ ಕೂತ ಗೌಡರು. ಹಿಂದೆ ನಿಂತಿರತ್ತಲ್ಲ ಆಫು, ಇನ್ನು, ಡೌನು, ಆ ಕುಳ್ಳ, ತೀರ್ಮಾನ ಮಾಡೋನು ಅವನು. ಅವನ ಮೇಲೆ ಕಣ್ಣಿಡು."

ಸಂತೆಯಲ್ಲೂ ಹಾಗೆಯೇ. ಎತ್ತಿನ ಹಲ್ಲು ನೋಡುವವನು ಒಬ್ಬ, ದುಡ್ಡು ಬಿಚ್ಚುವವನು ಅವನ ಹಿಂದೆ ಬೀಡಿ ಸೇದುತ್ತ ನಿಂತವನು. ನನಗೆ ಅಲ್ಲಿಂದ ಮುಂದೆ ಪಾಠ ಸಲೀಸಾಯಿತು.

ವಾರಕ್ಕೆ ಒಂದೇ ಕುಟುಂಬ. ಪುಟ್‌ನ ವಾರ ಬರೀ ಪುಟ್. ಪುಟ್ ಆಫ್ ಅಂದರೆ ಮುಂದಕ್ಕೆ ತಳ್ಳು, ಪುಟ್ ಔಟ್ ಅಂದರೆ ದೀಪವಾರಿಸು, ಪುಟ್ ಅಪ್ ವಿತ್ ಅಂದರೆ ಹಲ್ಲು ಕಚ್ಚಿ ಸಹಿಸಿಕೋ. ಅಡುಗೆಮನೆಯಿಂದ ಅಮ್ಮಾವ್ರು, ಅಂದರೆ ಅವರ ಹೆಂಡತಿ, "ಕೊನೇದು ನನಗೂ ಬರತ್ತೆ ಕಣಪ್ಪ, ಲಗ್ನ ಆದಾಗಿಂದ" ಎನ್ನುವರು. ಇವರು ಕೇಳಿಸದವರಂತೆ ಮುಂದುವರಿಸುವರು.

"ಕಂಪನಿಯೋನು ಕಾಗದದಲ್ಲಿ ಏನಂತ ಬರೀತಾನೆ? ಪೋಸ್ಟ್‌ಪೋನ್. ಕೋಣೆ ಒಳಗೆ ಏನಂತಾನೆ? ಪುಟ್ ಇಟ್ ಆಫ್. ಕಾಗದದಲ್ಲಿ ರಿಜೆಕ್ಟ್, ಕೋಣೇಲಿ ಟರ್ನ್ ಡೌನ್. ಕಾಗದದಲ್ಲಿ ಕೋಟು ಹಾಕ್ಕೊಂಡಿರ್ತಾನೆ, ಕೋಣೇಲಿ ಬನಿಯನ್ನು. ನಿಜ ಹೊರಗೆ ಬೀಳೋದು ಬನಿಯನ್ನಲ್ಲಿದ್ದಾಗ. ಇನ್ನೊಂದು ನೋಡು. ಪುಟ್ ಹಿಮ್ ಆಫ್. ಟರ್ನ್ ಹಿಮ್ ಡೌನ್. ಹಿಮ್ ಎಲ್ಲಿದಾನೆ?"

"ಮಧ್ಯದಲ್ಲಿ."

"ಎರಡು ಮಾತಿನ ಮಧ್ಯೆ ಅಮುಕಿ ಕೂರಿಸಿದಾರೆ. ಯಾರವನು?"

"ಗೊತ್ತಿಲ್ಲ ಸಾರ್."

"ನೀನೇ ಕಣಯ್ಯಾ!"

ಇಂಗ್ಲಿಷು ಕಲಿಯುತ್ತಿರುವ ಮಕ್ಕಳಿಗೆ ಇವತ್ತೂ ನಾನು ಹೇಳುವುದು ಇದನ್ನೇ. ನೂರು ಮಾತಿನ ಪಟ್ಟಿ ಬಾಯಿಪಾಠ ಮಾಡಬೇಡಿ. ಒಂದು ಮಾತು ಸಿಕ್ಕಿದರೆ ಅದನ್ನು ಯಾರು, ಯಾರ ಬಗ್ಗೆ, ಯಾರು ಕೇಳಿಸಿಕೊಳ್ಳುತ್ತಿಲ್ಲ ಎಂದುಕೊಂಡು ಆಡಿದರು ಎಂದು ಕೇಳಿಕೊಳ್ಳಿ. ಮರೆಯುವುದಿಲ್ಲ.

ಅವರು ಹೇಳಿದ ಉಪಾಯವೂ ನನಗೆ ಹಿಡಿಸಿತು. ಕಂಪನಿಯವರು ಬಂದಾಗ ನಾನು ಇಂಗ್ಲಿಷು ಬರುತ್ತದೆಂದು ತೋರಿಸಿಕೊಳ್ಳಬಾರದು. ಬರದವನಂತೆ ಕೂತು ಅವರ ಪುಡಿಮಾತೆಲ್ಲ ಆರಿಸಿಕೊಳ್ಳಬೇಕು. "ನಾನೂ ಬರ್ತೀನಿ. ಕಿವುಡ ದೊಡ್ಡಪ್ಪ ಅನ್ನು. ಪಕ್ಕದಲ್ಲಿ ಕೂರಿಸ್ಕೋ, ಕೈ ಶಾಲಿನ ಕೆಳಗಿರಲಿ. ನೀನು ಬಿಟ್ಟಿದ್ದು ನಾನು ಹಿಡೀತೀನಿ" ಎಂದರು. ನಾನು ಹೂಂ ಎಂದೆ.

ಕಂಪನಿಯವರು ಬರುವುದಕ್ಕೆ ಸ್ವಲ್ಪ ದಿನ ಮುಂಚೆ ನಮ್ಮ ಮಾಲು ಸಾಗಿಸುವ ಗಾಡಿಯವನು ಬಂದು, "ನಿಮ್ಮ ಮೇಷ್ಟ್ರು ಚಿಕ್ಕಪೇಟೆ ಸಾವ್ಕಾರ್ರ ಅಂಗಡೀಲಿ ಕಾಫಿ ಕುಡೀತಾ ಕೂತಿದ್ರು ಕಣಣ್ಣ" ಎಂದ. ನನ್ನ ಎದುರಾಳಿಯ ಅಂಗಡಿಯಲ್ಲಿ! ಮರುದಿನ ಪಾಠಕ್ಕೆ ಹೋದಾಗ ಅವರ ಗೋಡೆಯ ಮೇಲೆ ಅದೇ ಮದರಾಸಿನ ಕಂಪನಿಯ ಕ್ಯಾಲೆಂಡರು ತೂಗುತ್ತಿತ್ತು. ನೋಡಿದರೂ ನೋಡದವನಂತೆ, "ಕ್ಯಾಲೆಂಡರ್ ಚೆನ್ನಾಗಿದೆ ಸಾರ್" ಎಂದೆ.

"ಗೋಡೇಲಿ ತೂತಿತ್ತು" ಎಂದರು. ಅಷ್ಟೇ.

ಮನೆಯಲ್ಲಿ ಹೆಂಡತಿ, "ನಾನು ಹೇಳ್ಲಿಲ್ವಾ? ಅವರನ್ನ ಕರ್ಕೊಂಡು ಹೋಗ್ಬೇಡಿ" ಎಂದಳು. ನಾನು ಬೇರೆ ಲೆಕ್ಕ ಹಾಕಿದೆ. ಅನುಮಾನ ಇರುವ ಮನುಷ್ಯನನ್ನು ಬೆನ್ನ ಹಿಂದೆ ಬಿಡಬಾರದು, ಪಕ್ಕದಲ್ಲೇ ಕೂರಿಸಿಕೊಳ್ಳಬೇಕು. ಕೈ ನನ್ನ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು.

ಬಂದವರು ಮೂವರು. ಕೆಂಪು ಮುಖದ ಸಾಹೇಬ. ಅವನ ಮಾತನ್ನು ಕನ್ನಡಕ್ಕೆ ತಿರುಗಿಸಲು ಸೂಟು ಹಾಕಿಕೊಂಡ ಒಬ್ಬ ಮದರಾಸಿನವನು. ನಲ್ಲಿಗಳ ಸ್ಯಾಂಪಲ್ ಪೆಟ್ಟಿಗೆ ಹಿಡಿದುಕೊಂಡು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತ, ನೆರೆತ ಮೀಸೆಯ ಒಬ್ಬ ಕುಳ್ಳ. ಡಿಸೆಂಬರಿನ ಚಳಿ ಬೆಳಗು. ಕಿವುಡ ದೊಡ್ಡಪ್ಪನ ಶಾಲು ನಮ್ಮಿಬ್ಬರ ಮೊಣಕಾಲ ಮೇಲೆ ಹರಡಿತ್ತು. ಕೆಳಗೆ ಅವರ ಕೈ ನನ್ನ ಕೈಯಲ್ಲಿ. ಒಣಗಿದ ಸೌದೆಯಂಥ ಕೈ.

ಮಾತು ಶುರುವಾಯಿತು. ಏಜೆನ್ಸಿ ಕೊಡುತ್ತೇವೆ, ಆದರೆ ಚಿಕ್ಕಪೇಟೆಯವರಿಗೂ ಕೊಡುತ್ತೇವೆ ಎಂದ ಸೂಟಿನವನು. ದಕ್ಷಿಣ ಭಾಗಕ್ಕೆ ನಾನೊಬ್ಬನೇ ಆದರೆ ಮಾತ್ರ ಎಂದೆ ನಾನು. ಸಾಹೇಬ ಪಿಸುಪಿಸು ಇಂಗ್ಲಿಷಿನಲ್ಲಿ ಅರ್ಧ ನುಂಗಿ ಅರ್ಧ ಉಗುಳಿ ಏನೇನೋ ಅನ್ನುತ್ತಿದ್ದ. ಆದರೂ ಹಿಡಿದೆ: ಇವನು ಹೋಲ್ಡ್ ಔಟ್ ಮಾಡುತ್ತಿದ್ದಾನೆ ಅಂದ. ಪಟ್ಟು ಬಿಡುತ್ತಿಲ್ಲ ಎಂದು. ನನಗೆ ಒಳಗೊಳಗೇ ಸಂಭ್ರಮ. ಪಾಠ ಫಲ ಕೊಡುತ್ತಿತ್ತು.

ಆ ಸಂಭ್ರಮವೇ ಕೆಡಿಸಿತು. ಗೋಡೆಗೆ ಒರಗಿಸಿಟ್ಟಿದ್ದ ಹಳೆಯ ಬಾಗಿಲುಗಳ ಸಾಲನ್ನು ನೋಡಿ ಸಾಹೇಬ ಒಂದು ತಮಾಷೆ ಮಾಡಿದ. ಇಷ್ಟೊಂದು ಬಾಗಿಲಿವೆ, ಒಳಗೆ ಹೋಗಲು ಮಾತ್ರ ಮನೆಯೇ ಇಲ್ಲ ಎಂಬರ್ಥ. ಸೂಟಿನವನು ಅದನ್ನು ಕನ್ನಡದಲ್ಲಿ ಹೇಳಲು ಬಾಯಿ ತೆರೆಯುವ ಮೊದಲೇ ನಾನು ನಕ್ಕುಬಿಟ್ಟೆ.

ಶಾಲಿನ ಕೆಳಗೆ ಒಂದು ಉಗುರು ನನ್ನ ಅಂಗೈಗೆ ಚುಚ್ಚಿತು. ಬಾಗಿಲ ಬಳಿಯ ಕುಳ್ಳ ಎದ್ದು ಬಂದು ಸಾಹೇಬನ ಕಿವಿಯಲ್ಲಿ ಏನೋ ಹೇಳಿ ಮತ್ತೆ ಸ್ಟೂಲಿನ ಮೇಲೆ ಕೂತ. ಸಾಹೇಬ ನನ್ನನ್ನೊಮ್ಮೆ ನೋಡಿ, ಸೂಟಿನವನ ಕಡೆ ತಿರುಗಿ ಹೇಳಿದ: "ವೀ ಶಲ್ ಟರ್ನ್ ಹಿಮ್ ಡೌನ್, ಅಂಡ್ ಟೇಕ್ ಆನ್ ದಿ ಅದರ್ ಮ್ಯಾನ್."

ಇವನನ್ನು ಬೇಡವೆಂದು ಕಳಿಸೋಣ, ಆ ಇನ್ನೊಬ್ಬನನ್ನೇ ತೆಗೆದುಕೊಳ್ಳೋಣ. ಮಧ್ಯದಲ್ಲಿ ಅಮುಕಿ ಕೂತ ಹಿಮ್ ನಾನೇ. ಒಂದಕ್ಷರವೂ ತಪ್ಪದಂತೆ ಅರ್ಥವಾಯಿತು. ಅರ್ಥವಾಗದಿದ್ದರೇ ಚೆನ್ನಾಗಿತ್ತು ಎನ್ನಿಸಿತು. ಮಾರಿದ ಹೊಲ ಕಣ್ಣ ಮುಂದೆ ಬಂತು. ಸೂಟಿನವನು ಕೇಳಿದ, "ಕೊನೇದಾಗಿ ಏನು ಹೇಳ್ತೀರಿ? ಚಿಕ್ಕಪೇಟೆಯವರ ಜೊತೆ ಹಂಚ್ಕೊಳ್ಳಕ್ಕೆ ಒಪ್ಪಿಗೇನಾ?"

ಒಪ್ಪಿಗೆ ಎನ್ನಲು ಬಾಯಿ ತೆರೆದಿದ್ದೆ. ಆಗ ಅವರು ನನ್ನ ಮುಷ್ಟಿಯನ್ನು ಹಿಡಿದರು. ಬಿಗಿಯಾಗಿ, ಬೆರಳಿನ ಮೂಳೆ ಲಟಕ್ಕೆನ್ನುವಂತೆ.

ಸಂತೆಯ ನಿಜವಾದ ಲೆಕ್ಕದಲ್ಲಿ ಅದರ ಅರ್ಥ: ಒಪ್ಪಬೇಡ. ನಾನು ಅವರಿಗೆ ಕಲಿಸಿದ ತಲೆಕೆಳಗು ಲೆಕ್ಕದಲ್ಲಿ: ಮುಗಿಸು, ಒಪ್ಪಿಕೋ.

ಯಾವುದು? ಅವರ ಮುಖ ನೋಡಿದೆ. ಕಿವುಡ ದೊಡ್ಡಪ್ಪ ಬಾಯಿ ಅರೆತೆರೆದು ಸೂರಿನ ಹಲ್ಲಿಯನ್ನು ನೋಡುತ್ತಿದ್ದರು. ಅಲ್ಲೇನೂ ಸಿಗಲಿಲ್ಲ. ನನ್ನ ಭಯ, ಒಪ್ಪಿಕೋ ಎನ್ನುತ್ತಿತ್ತು. ನಾನು ಕಲಿಸಿದ ಸನ್ನೆಯೂ ಹಾಗೇ ಎನ್ನುತ್ತಿತ್ತು. ಒಪ್ಪಬೇಡ ಎಂದು ಅವರು ಹೇಳುತ್ತಿದ್ದಾರೆ ಎಂದಿಟ್ಟುಕೊಂಡರೂ, ಚಿಕ್ಕಪೇಟೆಯಲ್ಲಿ ಕಾಫಿ ಕುಡಿದವರು ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದಾರೆಂದು ನಂಬುವುದು ಹೇಗೆ?

ಆಗ ನನಗೆ ನೆನಪಾದದ್ದು ಹಾಲಿನವನು. ದಿನಾ ಬರುವವನ ತೋಳು ದಿನಾ ಮಡಿಸಿ ನೋಡುವವರು. ಹಾಲನ್ನೇ ನಂಬದವರು ನನ್ನ ಟವಲನ್ನು ನಂಬಿಯಾರೇ? ನಾನು ಕಲಿಸಿದ್ದು ನಿಜವೋ ಸುಳ್ಳೋ ಎಂದು ಎಂದೋ ಸಂತೆಗೆ ಹೋಗಿ ನೋಡಿಕೊಂಡು ಬಂದಿರುತ್ತಾರೆ. ಚಿಕ್ಕಪೇಟೆಗೂ ಅದೇ ಅನುಮಾನ ಹೊತ್ತುಕೊಂಡೇ ಹೋಗಿರಬೇಕು. ಆ ಮನುಷ್ಯನನ್ನು ನಂಬಲು ನನ್ನ ಬಳಿ ಬೇರೆ ಏನೂ ಇರಲಿಲ್ಲ. ಅವರ ಅನುಮಾನವೊಂದನ್ನೇ ನಂಬಿದೆ.

"ಇಲ್ಲ ಸಾರ್. ನಾನೊಬ್ಬನೇ ಆದ್ರೆ ಸರಿ. ಇಲ್ದಿದ್ರೆ ಕಾಫಿ ಕುಡ್ಕೊಂಡು ಹೋಗಿ" ಎಂದೆ. ನನ್ನ ಧ್ವನಿ ನನಗೇ ಬೇರೆ ಯಾರದೋ ಎನ್ನಿಸಿತು.

ಅವರು ಕಾಫಿ ಕುಡಿಯಲಿಲ್ಲ. ಮೂವರೂ ಎದ್ದು ಕಾರಿನ ಬಳಿ ಹೋದರು. ಬೆಂಚಿನ ಮೇಲೆ ನಾವಿಬ್ಬರು. ಮುಷ್ಟಿಯ ಹಿಡಿತ ಸಡಿಲವಾಗಲಿಲ್ಲ. ಕಾರಿನ ಬಾಗಿಲು ತೆರೆದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಸ್ಯಾಂಪಲ್ ಪೆಟ್ಟಿಗೆಯ ಕುಳ್ಳ ಒಬ್ಬನೇ ವಾಪಸು ಬಂದ. ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು, ನಮ್ಮಷ್ಟೇ ಶುದ್ಧ ಕನ್ನಡದಲ್ಲಿ ಹೇಳಿದ:

"ಪೆಟ್ಟಿಗೆ ನಿಮ್ಮ ಹತ್ರಾನೇ ಇರ್ಲಿ. ದಕ್ಷಿಣ ಭಾಗ ನಿಮಗೊಬ್ಬರಿಗೇ. ಕಂಪನೀಲಿ ನಂದೂ ಪಾಲಿದೆ, ಮಾತಿಗೆ ತಪ್ಪಲ್ಲ." ಆಮೇಲೆ ಕಿವುಡ ದೊಡ್ಡಪ್ಪನ ಕಡೆ ತಿರುಗಿ ಕೈ ಮುಗಿದು, "ಬರ್ತೀನಿ ದೊಡ್ಡೋರೆ. ನಿಮಗೆ ಕಿವಿ ಚೆನ್ನಾಗಿದೆ" ಎಂದ.

ಅವರು ಹಲ್ಲಿಯನ್ನು ನೋಡುತ್ತಲೇ ಇದ್ದರು.

ಕಾರು ಹೋದ ಮೇಲೆ ನಾನು ಕೇಳಿದೆ, "ಹೇಗೆ ಗೊತ್ತಾಯ್ತು ಸಾರ್?"

"ಇಂಗ್ಲಿಷೋನು ತನ್ನೋನ ಜೊತೆ ಮಾತಾಡೋವಾಗ ಅರ್ಧ ನುಂಗ್ತಾನೆ. ಅದನ್ನ ಮಾತ್ರ ಅಕ್ಷರ ಅಕ್ಷರ ಬಿಡಿಸಿ ಹೇಳ್ದ. ಯಾರಿಗೆ ಕೇಳ್ಲಿ ಅಂತ? ನಿನಗೆ. ನೀನು ಹೆದರಿ ಹಂಚ್ಕೊಳ್ಳಕ್ಕೆ ಒಪ್ಕೊಂಡ್ರೆ ಮುಂದೆ ಯಾರಿಗೆ ಬೇಕಾದ್ರೂ ಕೊಡ್ಬಹುದಲ್ಲ. ನೀನು ನಕ್ಕಿದ್ದನ್ನ ಆ ಕುಳ್ಳ ನೋಡಿದ್ದ." ಶಾಲು ಮಡಿಸುತ್ತ ಮುಂದುವರಿಸಿದರು: "ಆಮೇಲೆ ಆ ಚಿಕ್ಕಪೇಟೆಯೋನು. ನೀನು ಮೊದಲ ದಿನ ಹೆಸರು ಹೇಳಿದ್ಯಲ್ಲ, ನಿಜಾನೋ ಸುಳ್ಳೋ ನೋಡೋಣ ಅಂತ ಹೋಗಿದ್ದೆ. ನಲ್ಲಿ ಬೇಕು ಅಂದೆ. ಈ ಕಂಪನಿ ಸಹವಾಸವೇ ಬೇಡ ಅಂತ ಹೋದ ತಿಂಗಳೇ ಬಿಟ್ಟೆ ಅಂತ ಅವನೇ ಹೇಳ್ದ. ಉಳಿದಿದ್ದ ಕ್ಯಾಲೆಂಡರನ್ನ ನಂಗೆ ಕೊಟ್ಟ. ಆ ಇನ್ನೊಬ್ಬ ಅನ್ನೋನು ಇರ್ಲೇ ಇಲ್ಲ ಕಣಯ್ಯಾ."

"ಇದನ್ನ ಮೊದಲೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಿನ್ನ ಮುಖ ಹೇಳಿಬಿಡ್ತಿತ್ತು. ನಗು ನೋಡಿದ್ವಲ್ಲ."

ಅವರು ಮೆಟ್ಟಿಲಿಳಿದು, ಚಪ್ಪಲಿ ಮೆಟ್ಟಿಕೊಂಡು, ಬೀದಿಯಿಂದ ತಿರುಗಿ ಹೇಳಿದರು: "ತಲಘಟ್ಟಪುರದ ಆಚೆ ಸಂತೆಗೆ ಹೋಗಿ ಬಂದೆ, ನೀನು ಕಲಿಸಿದ ವಾರಾನೇ. ಎರಡು ಸನ್ನೆ ತಿರುವುಮುರುವು. ಮನೆಗೆ ಬಂದು ಅವಳಿಗೆ ಹೇಳ್ದೆ, ಈ ಹುಡುಗ ಕಲೀತಾನೆ ಅಂತ."

ಆಮೇಲೆಯೂ ಭಾನುವಾರಗಳಂದು ಹೋಗುತ್ತಿದ್ದೆ. ಏಜೆನ್ಸಿ ಬೆಳೆಯಿತು. ನನ್ನ ಕಡೆಯಿಂದ ಒಂದು ಬೇಸಿನ್ನು ಹಾಕಿಸಿಕೊಡುತ್ತೇನೆಂದರೆ ಒಪ್ಪಲಿಲ್ಲ. "ಯಾಕೆ ಕೊಡ್ತಿದೀಯ?" ಎಂದು ಕಿಟಕಿಯಿಂದ ನೋಡುವಂತೆ ನೋಡಿದರು. ಹೀಗೇ ಐದಾರು ವರ್ಷ ನಡೆಯಿತು. ಅವರಿಗೆ ನನ್ನ ಮೇಲೆ ನಂಬಿಕೆ ಬಂದಿತ್ತೆಂದು ಹೇಳಲಾರೆ. ನನಗೂ ಅವರ ಮೇಲೆ ಪೂರ್ತಿ ಬಂದಿರಲಿಲ್ಲ. ಇಬ್ಬರಿಗೂ ಅದರಿಂದ ತೊಂದರೆ ಇರಲಿಲ್ಲ.

ಅರವತ್ತರ ದಶಕ ಮುಗಿಯುತ್ತ ಬಂದಾಗ ಅವರು ಹಾಸಿಗೆ ಹಿಡಿದರು. ಸುದ್ದಿ ತಂದವನು ಅದೇ ಹಾಲಿನವನು. "ಇವತ್ತು ತೋಳು ಮಡಿಸು ಅನ್ನಲಿಲ್ಲ ಅಣ್ಣ" ಎಂದ. ನಾನು ಅಂಗಡಿಯನ್ನು ಹಾಗೇ ಬಿಟ್ಟು ಓಡಿದೆ.

ಕಂಬಳಿಯ ಮೇಲೆ ಬೂದು ಶಾಲು ಹೊದಿಸಿದ್ದರು. ಡಾಕ್ಟರು ಚೀಲ ಮುಚ್ಚುತ್ತಿದ್ದರು. ಅಮ್ಮಾವ್ರು ಬಾಗಿಲಿಗೆ ಒರಗಿ ನಿಂತಿದ್ದರು. ನಾನು ಮಂಚದ ಪಕ್ಕ ಕೂತು ಶಾಲಿನ ಕೆಳಗೆ ಕೈ ತೂರಿಸಿ ಅವರ ಕೈ ಹಿಡಿದೆ. ಡಾಕ್ಟರು ನಮ್ಮೆಲ್ಲರ ಕಡೆ ತಿರುಗಿ, ಗಟ್ಟಿಯಾಗಿ, ಅಕ್ಷರ ಅಕ್ಷರ ಬಿಡಿಸಿ ಹೇಳಿದರು: "ಹಿ ವಿಲ್ ಪುಲ್ ಥ್ರೂ." ಪಾರಾಗುತ್ತಾರೆ ಎಂದು.

ಅವರು ಒಂದು ಕಣ್ಣು ತೆರೆದು ನನ್ನನ್ನು ನೋಡಿದರು. ಕಿಟಕಿಯ ಪುಟ್ಟ ಬಾಗಿಲಿನಲ್ಲಿ ಕಂಡದ್ದು ಅದೇ ಕಣ್ಣು. ಕೇಳಿಸಿತೇ, ಎಷ್ಟು ಸ್ಪಷ್ಟವಾಗಿ ಹೇಳಿದ, ಎಂಬಂತೆ ತುಟಿಯ ಮೂಲೆಯಲ್ಲಿ ಒಂದಿಷ್ಟು ನಗು. ಆಮೇಲೆ ಶಾಲಿನ ಕೆಳಗೆ ಅವರ ಬೆರಳು ಒಂದೊಂದಾಗಿ ಬಿಚ್ಚಿಕೊಂಡವು. ಅಂಗೈ ನನ್ನ ಅಂಗೈಯ ಮೇಲೆ ಮೆಲ್ಲಗೆ ಬಂದು ಕೂತಿತು.

ಸಂತೆಯ ಲೆಕ್ಕದಲ್ಲಿ ಅದು 'ಆಯ್ತು, ಮುಗಿಸು'. ಅವರು ಹೇಳಿದ್ದು ಅದನ್ನೇ ಎಂದು ನನಗೆ ಗೊತ್ತಿತ್ತು. ಆದರೆ ಎಂದೋ ನಾನು ಕಲಿಸಿದ್ದ ಸುಳ್ಳು ಲೆಕ್ಕದಲ್ಲಿ ಅದು 'ಒಪ್ಪಬೇಡ, ಹಿಡ್ಕೋ'. ನಾನು ಅದನ್ನೇ ಹಿಡಿದೆ. ಅವರ ಬಿಚ್ಚಿದ ಬೆರಳುಗಳನ್ನು ಮತ್ತೆ ಮಡಿಸಿ, ಮುಷ್ಟಿ ಮಾಡಿ, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತೆ.

ಅವರು ಕಣ್ಣು ಮುಚ್ಚಿಕೊಂಡೇ, ನನಗೊಬ್ಬನಿಗೇ ಕೇಳುವಂತೆ, ಅರ್ಧ ನುಂಗಿ ಹೇಳಿದರು:

"ಇದಕ್ಕೂ ಚೌಕಾಸಿ ಮಾಡ್ತೀಯೇನಯ್ಯಾ?"